ಮಾಮಾ ಸಲ್ಮಾಳ ಕೈಗುಣ

ವರ್ಷದ ಮೊದಲ ಬ್ಯಾರನ್ನುಗಳ ಒಲೆ ಹೊತ್ತಿಕೊಳ್ಳುವ ವಾರದಲ್ಲಿ ಪಿರಿಯಾಪಟ್ಟಣದ ಸುತ್ತಮುತ್ತ ಒಂದು ವಾಸನೆ ಏಳುತ್ತದೆ. ಹಸಿ ಹೊಗೆಸೊಪ್ಪು ಒಳಗೆ ಬೆವರಿ ಹಳದಿಗೆ ತಿರುಗುವಾಗಿನ ವಾಸನೆ ಅದು. ಅರ್ಧ ಬೇಯಿಸಿದ ಹುಲ್ಲಿನದು, ಅರ್ಧ ಬೆಲ್ಲದ ಪಾಕದ್ದು. ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಾರೆ, ನಮಗೆ ಹಬ್ಬ ಬಂದ ಹಾಗಾಗುತ್ತದೆ. ಈ ಸಲ ಬೆಟ್ಟದಪುರದ ರಸ್ತೆಯಲ್ಲಿ ಸ್ಕೂಟರಿನಲ್ಲಿ ಹೋಗುತ್ತಿದ್ದಾಗ ಆ ವಾಸನೆ ಮುಖಕ್ಕೆ ಬಡಿಯಿತು. ಗಾಡಿ ನಿಲ್ಲಿಸಿ ರಸ್ತೆ ಬದಿಯ ಮೋರಿ ಕಟ್ಟೆಯ ಮೇಲೆ ಕೂತುಬಿಟ್ಟೆ. ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು, "ಯಾಕ್ ಸಾಬ್ರೇ, ಬಿ.ಪಿ. ಏರ್ಬುಡ್ತಾ?" ಅಂತ ಕೇಳಿದರು. ಹೌದು ಅಂದೆ. ನಾಚಿಕೆ ಏರಿದೆ ಅಂತ ರಸ್ತೆಯಲ್ಲಿ ನಿಂತು ಯಾರಿಗೆ ಹೇಳಲಿ?

ನಾನು ತಗಡಿನ ಕೆಲಸದವನು. ಬ್ಯಾರನ್ ಎಂದರೆ ಹೊಗೆಸೊಪ್ಪು ಒಣಗಿಸುವ ಎತ್ತರದ ಮನೆ. ಒಲೆ ಹೊರಗೆ, ಒಳಗೆ ನೆಲದುದ್ದಕ್ಕೂ ಸುತ್ತಿ ಬರುವ ತಗಡಿನ ಪೈಪು. ಒಲೆಯ ಬಿಸಿ ಆ ಪೈಪಿನಲ್ಲಿ ಹರಿದು, ಮೇಲೆ ಕಡ್ಡಿಗಳಿಗೆ ಕಟ್ಟಿ ತೂಗುಹಾಕಿದ ಸೊಪ್ಪು ನಿಧಾನವಾಗಿ ಒಣಗುತ್ತದೆ. ಆ ಪೈಪು ಮಾಡಿ ಕೂರಿಸುವುದು ನಮ್ಮ ಮನೆತನದ ಕಸುಬು. ಅಬ್ಬಾನ ಕಾಲದಲ್ಲಿ ಹಾರನಹಳ್ಳಿ, ಬೆಟ್ಟದಪುರ ಸುತ್ತಿನ ಗೌಡರೆಲ್ಲ ನಮ್ಮ ಅಂಗಡಿಗೇ ಬರುತ್ತಿದ್ದರು.

ಬರುತ್ತಿದ್ದುದು ಬರೀ ಪೈಪಿಗಲ್ಲ. ಪೈಪು ಕೂರಿಸಿದವನಿಗೆ ಕೈಗುಣ ಇದ್ದರೆ ವರ್ಷದ ಮೊದಲ ಬೆಂಕಿಕಡ್ಡಿಯನ್ನು ಅವನ ಕೈಯಲ್ಲೇ ಗೀರಿಸುವುದು ನಮ್ಮ ಕಡೆಯ ಪದ್ಧತಿ. ಅಬ್ಬಾನಿಗೆ ಅದು ಇತ್ತು. ಗೌಡರು ಒಲೆಗೆ ಅರಿಶಿನ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆಯುತ್ತಿದ್ದರು, ಅಬ್ಬಾ ಬಿಸ್ಮಿಲ್ಲಾ ಅಂದು ಕಡ್ಡಿ ಗೀರುತ್ತಿದ್ದ. ಇದರಲ್ಲಿ ಯಾರಿಗೂ ಏನೂ ವಿಚಿತ್ರ ಕಾಣುತ್ತಿರಲಿಲ್ಲ. "ನಿಮ್ಮಪ್ಪ ಕಡ್ಡಿ ಗೀರುದ್ರೆ ಸೊಪ್ಪು ಚಿನ್ನ ಆಯ್ತದೆ ಕಣ್ಲಾ ಬಾಷಾ," ಎಂದು ಹಾರನಹಳ್ಳಿ ಹತ್ತಿರದ ಪುಟ್ಟಸ್ವಾಮಿಗೌಡರು ನನ್ನ ಬೆನ್ನು ತಟ್ಟಿ ಹೇಳುತ್ತಿದ್ದರು. ಅಪ್ಪನ ಕೈ ಮಗನಿಗೂ ಬಂದಿರುತ್ತದೆ ಅನ್ನುವುದು ಅವರ ಲೆಕ್ಕ.

ಒಂದು ವರ್ಷ ಅಬ್ಬಾನಿಗೆ ಹುಷಾರಿರಲಿಲ್ಲ. ಪುಟ್ಟಸ್ವಾಮಿಗೌಡರ ಬ್ಯಾರನ್ನಿಗೆ ನಾನೇ ಕಡ್ಡಿ ಗೀರಿದೆ. ಸೊಪ್ಪು ಒಣಗುತ್ತ ಬಂದಾಗ ಬ್ಯಾರನ್ ಸೂರಿನ ಸಮೇತ ಸುಟ್ಟುಹೋಯಿತು. ಕಾರಣ ಎಲ್ಲರಿಗೂ ಗೊತ್ತಿರುವಂಥದೇ. ಒಣಗಿದ ಎಲೆಯೊಂದು ತೂಗುಹಾಕಿದ ಕಡ್ಡಿಯಿಂದ ಕಳಚಿ ಕಾದ ಪೈಪಿನ ಮೇಲೆ ಬೀಳುತ್ತದೆ, ಹತ್ತಿಕೊಳ್ಳುತ್ತದೆ, ಅಷ್ಟೇ. ಗೌಡರು ನನಗೆ ಒಂದು ಮಾತೂ ಅನ್ನಲಿಲ್ಲ, ಕಾಫಿ ಕೊಟ್ಟು ಕಳಿಸಿದರು. ಮುಂದಿನ ವರ್ಷ ಪೈಪು ಕೂರಿಸಿ ಕೈ ತೊಳೆದುಕೊಳ್ಳುತ್ತಿದ್ದೆ. "ಕಡ್ಡಿ ಬ್ಯಾಡ ಬುಡು ಬಾಷಾ. ನಿಮ್ಮಪ್ಪಂಗೆ ವಸಿ ವಾಸಿಯಾದ್ಮೇಲೆ ಕರ್ಕೊಂಡ್ ಬಾ, ಕಾಯ್ತೀವಿ," ಅಂದರು. ಬೈದಿದ್ದರೆ ತಿರುಗಿಸಿ ಎರಡು ಮಾತಾಡಬಹುದಿತ್ತು. ಅವರು ನನ್ನ ಮುಖ ನೋಡದೆ ಅಷ್ಟು ಮೆತ್ತಗೆ ಹೇಳಿದ್ದು ಇವತ್ತಿಗೂ ಮರೆತಿಲ್ಲ.

ಆಮೇಲೆ ಮೆಲ್ಲಗೆ ಗಿರಾಕಿಗಳು ಹುಣಸೂರಿನ ಬೇರೊಬ್ಬ ತಗಡಿನವನ ಕಡೆ ತಿರುಗಿದರು. ಅವನ ಕೈ ಚೆನ್ನಾಗಿದೆಯಂತೆ. ನನ್ನ ಮದುವೆಯಾಗಿತ್ತು, ಅಂಗಡಿಯಲ್ಲಿ ತಗಡು ತುಕ್ಕು ಹಿಡಿಯುತ್ತಿತ್ತು. ಹೀಗಿರುವಾಗ ಮೈಸೂರಿನ ಏಜೆಂಟನೊಬ್ಬ ಟಾಂಜಾನಿಯಾದ ಟಬೋರಾ ಎಂಬಲ್ಲಿ ಹೊಗೆಸೊಪ್ಪಿನ ದೊಡ್ಡ ತೋಟವಿದೆ, ಪೈಪು ಕೂರಿಸುವವನು ಬೇಕು ಅಂದ. ಅಲ್ಲಿ ನನ್ನ ಕೈಯ ವಿಷಯ ಯಾರಿಗೂ ಗೊತ್ತಿರುವುದಿಲ್ಲ ಅನ್ನುವುದೇ ನನಗೆ ದೊಡ್ಡ ಸಂಬಳವಾಗಿ ಕಂಡಿತು.

ನಮ್ಮಲ್ಲಿ ಸೊಪ್ಪೆಲ್ಲ ಹರಾಜಿಗೆ ಹೋಗುವ ಕಾಲಕ್ಕೆ ಅಲ್ಲಿ ಬೆಳೆ ಎದ್ದಿರುತ್ತದೆ. ಜನವರಿಯಲ್ಲಿ ಹೋಗಿ ಇಳಿದರೆ ಧೋ ಎನ್ನುವ ಮಳೆ. ಮಧ್ಯಾಹ್ನದವರೆಗೆ ಉರಿಬಿಸಿಲು, ಆಮೇಲೆ ಆಕಾಶ ಕಪ್ಪಾಗಿ ಗುಡುಗು. ತೋಟದ ಮೂರು ದಿಕ್ಕಿಗೂ ಕಾಡು. ಆನೆ ಬರದ ಕಾಕನಕೋಟೆ ಅಂದುಕೊಂಡು ಧೈರ್ಯ ತಂದುಕೊಂಡೆ. ಊಟಕ್ಕೆ ಉಗಾಲಿ, ಅಂದರೆ ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ. ಮುದ್ದೆಯನ್ನು ನುಂಗಬೇಕು ಅನ್ನುವ ನಾನು, ಅಗಿದು ತಿನ್ನುವ ಅವರು, ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಕ್ಕಿದ್ದೇ ನಕ್ಕಿದ್ದು.

ಯಜಮಾನ ಕರೀಂಭಾಯಿ ಗುಜರಾತಿ ಮೂಲದವರು, ಅಲ್ಲೇ ಹುಟ್ಟಿ ಬೆಳೆದವರು. ಮೇಸ್ತ್ರಿ ಜುಮಾ ನನ್ನ ಓರಗೆಯವನು, ಅಲ್ಲಿನವನೇ. ಅವನ ಸ್ವಾಹಿಲಿ ಭಾಷೆಯನ್ನು ತಗಡು ಬಡಿಯುತ್ತಲೇ ಕಲಿತೆ. ಅವರ ಮಾತು ನನ್ನ ಕಿವಿಯೊಳಗೆ ಹೋಗುವಷ್ಟರಲ್ಲಿ ಪಿರಿಯಾಪಟ್ಟಣದ ಕನ್ನಡವೇ ಆಗಿಬಿಡುತ್ತಿತ್ತು. ಈಗ ಬರೆಯುವಾಗಲೂ ನನಗೆ ಹಾಗೆಯೇ ಕೇಳುತ್ತದೆ, ಹಾಗೆಯೇ ಬರೆಯುತ್ತೇನೆ.

ಅಲ್ಲಿ ಹೆಂಗಸರನ್ನು ಅವರ ಮಕ್ಕಳ ಹೆಸರು ಹಿಡಿದು 'ಮಾಮಾ ಇಂಥವಳು' ಅನ್ನುತ್ತಾರೆ. ಮಾಮಾ ಅಂದರೆ ತಾಯಿ. ಮೊದಮೊದಲು ಯಾರಾದರೂ ಮಾಮಾ ಅಂದರೆ ನಾನು ಗಂಡಸನ್ನು ಹುಡುಕುತ್ತಿದ್ದೆ. ಮಾಮಾ ಸಲ್ಮಾ ಅಂದರೆ ಸಲ್ಮಾಳ ತಾಯಿ. ಆ ಕೂಸು ಸಲ್ಮಾ ಯಾವಾಗಲೂ ಅವಳ ಬೆನ್ನಿಗೆ ಬಟ್ಟೆಯಲ್ಲಿ ಕಟ್ಟಿಕೊಂಡಿರುತ್ತಿತ್ತು. ಗಂಡ ಬಿಟ್ಟುಹೋಗಿದ್ದ. ಬೇರೆ ಯಾವುದೋ ಊರಿಂದ ಬಂದವಳಾದ್ದರಿಂದ ಸೊಪ್ಪು ಕಟ್ಟುವ ಹೆಂಗಸರು ಚಾಪೆಯ ಅಂಚಿನಲ್ಲೂ ಅವಳಿಗೆ ಜಾಗ ಕೊಡುತ್ತಿರಲಿಲ್ಲ. ಅವಳು ಒಬ್ಬಳೇ ಒಲೆಯ ಬಾಯಿಯ ಹತ್ತಿರ ನೆಲದ ಮೇಲೆ ಕೂತು ಕಟ್ಟುತ್ತಿದ್ದಳು.

ಪೈಪು ಕೂರಿಸಿ ಮುಗಿಯಿತು. ಮೊದಲ ಬ್ಯಾರನ್ನಿಗೆ ಸೊಪ್ಪು ತುಂಬಿ ಬಾಗಿಲು ಹಾಕಿದರು. ಜುಮಾ ಬೆಂಕಿಪೊಟ್ಟಣ ತಂದು ನನ್ನ ಕೈಯಲ್ಲಿಟ್ಟ. ಸುತ್ತ ಎಲ್ಲರೂ ನಿಂತಿದ್ದರು, ಕರೀಂಭಾಯಿ ಕೂಡ. ಸಮುದ್ರ ದಾಟಿ ಬಂದರೂ ಪುಟ್ಟಸ್ವಾಮಿಗೌಡರ ಸುಟ್ಟ ಸೂರು ಕಣ್ಣೆದುರು ನಿಂತಿತು.

"ನಮ್ ಕಡೆ ಇಂಗೆ ಯಾರ್ ಬೇಕೋ ಅವ್ರು ಹಚ್ಚಂಗಿಲ್ಲ," ಅಂದೆ. "ಕೈಗುಣ ಇರೋರು ಗೀರ್ಬೇಕು."

"ಅಂಗಂದ್ರೆ?" ಅಂದ ಜುಮಾ.

ವಿವರಿಸಿದೆ. ಕೆಲವರ ಕೈಯಲ್ಲಿ ಒಳ್ಳೆಯದಿರುತ್ತದೆ, ಅವರು ಮುಟ್ಟಿದ್ದು ಏಳಿಗೆಯಾಗುತ್ತದೆ, ನನಗೆ ಅಂಥ ಕೈ ಗುರುತಿಸಲು ಬರುತ್ತದೆ ಅಂತಲೂ ಸೇರಿಸಿದೆ. ಬುರುಡೆ ಬಿಡುವವನಿಗೆ ಒಂದು ಸುಳ್ಳು ಸಾಕಾಗುವುದಿಲ್ಲ. ಸುತ್ತ ನೋಡಿದೆ. ಒಲೆಗೆ ಎಲ್ಲರಿಗಿಂತ ಹತ್ತಿರ ಇದ್ದವಳು ಮಾಮಾ ಸಲ್ಮಾ. "ಅವಳ ಕೈ ನೋಡಿದ್ದೀನಿ, ಒಳ್ಳೆ ಕೈ," ಅಂದೆ. ನಾನು ಯಾರ ಕೈಯನ್ನೂ ನೋಡಿರಲಿಲ್ಲ.

ಅವಳು ಎದ್ದು ಕೈ ತೊಳೆದುಕೊಂಡು ಬಂದಳು. ಒಂದೇ ಕಡ್ಡಿಗೆ ಹತ್ತಿತು. ಆ ಬ್ಯಾರನ್ನಿನ ಸೊಪ್ಪು ಎಂಥ ಬಣ್ಣಕ್ಕೆ ಬಂತೆಂದರೆ, ಕರೀಂಭಾಯಿ ಒಂದೆಲೆಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಆ ವರ್ಷ ಮಳೆ ಹದವಾಗಿತ್ತು, ಸೌದೆ ಒಣಗಿತ್ತು, ಪೈಪು ಹೊಸದು. ಯಾರು ಗೀರಿದ್ದರೂ ಅದೇ ಬಣ್ಣ ಬರುತ್ತಿತ್ತು. ಆದರೆ ನಾನು ಹಾಗೆ ಹೇಳಲಿಲ್ಲ, ಹಾಗೆ ಯೋಚಿಸಲೂ ಇಲ್ಲ. ಪೈಪಿನ ಮೇಲೆ ಎಲೆ ಬಿದ್ದರೆ ಸುಡುತ್ತದೆ ಎಂದು ಚಿಕ್ಕಂದಿನಿಂದ ಬಲ್ಲವನು, ಕೈಗುಣವನ್ನೂ ಅಷ್ಟೇ ಗಟ್ಟಿಯಾಗಿ ನಂಬಿದ್ದೆ. ನೋಡಿದ್ರಾ, ನಾನು ಹೇಳಲಿಲ್ವಾ ಎಂದು ಬೀಗಿದೆ.

ಆಮೇಲೆ ಪ್ರತಿ ಬ್ಯಾರನ್ನಿಗೂ ಅವಳೇ. ಸುತ್ತಲಿನ ಸಣ್ಣ ಬೆಳೆಗಾರರೂ ಕರೆಯತೊಡಗಿದರು. ಕರೆ ಬಂದ ದಿನ ಅವಳು ಹಳದಿ ಹೂವಿನ ಬಟ್ಟೆ ಸುತ್ತಿಕೊಂಡು, ಬೆನ್ನ ಮೇಲೆ ಸಲ್ಮಾಳನ್ನು ಹೊತ್ತು, ಬೆಂಕಿಪೊಟ್ಟಣವನ್ನು ಮುಷ್ಟಿಯಲ್ಲಿ ಹಿಡಿದು ಎಲ್ಲರಿಗಿಂತ ಮುಂದೆ ನಡೆಯುತ್ತಿದ್ದಳು. ಒಬ್ಬರು ಕೋಳಿ ಕೊಟ್ಟರೆ ಇನ್ನೊಬ್ಬರು ಹಿಟ್ಟು. ಚಾಪೆಯ ಮೇಲಿನ ಹೆಂಗಸರು ಸರಿದು ನಡುವೆ ಜಾಗ ಮಾಡಿಕೊಟ್ಟರು. ಹೆತ್ತ ಮನೆಯವರು ಕೂಸನ್ನು ಮೊದಲು ಅವಳ ಕೈಗೆ ಕೊಡಲು ಶುರುಮಾಡಿದರು. ಅದು ನಾನು ಹೇಳಿಕೊಟ್ಟದ್ದಲ್ಲ, ತಾವಾಗಿಯೇ ಮುಂದುವರಿಸಿದ್ದು. ಒಂದು ದಿನ ಅವಳು ನನ್ನ ಮುಂದೆ ಅಂಗೈ ಚಾಚಿ, "ಇದ್ರಾಗೆ ಏನ್ ಕಂಡ್ಯಪ್ಪ ನೀನು? ನಂಗೇನೂ ಕಾಣ್ಸಾಕಿಲ್ವಲ್ಲ," ಎಂದು ನಕ್ಕಳು. ಸೊಪ್ಪಿನ ಅಂಟು ಹಿಡಿದು ಕಪ್ಪಾಗಿದ್ದ, ಎಲ್ಲ ಕೂಲಿಯವರ ಕೈಯಂಥದೇ ಕೈ. "ಅದು ನೋಡಾಕ್ ಬರೋರಿಗೇ ಕಾಣೋದು ಮಾಮಾ," ಅಂದೆ.

ಮಳೆ ನಿಂತು ಕೊನೆಯ ಬ್ಯಾರನ್ನಿನ ಸೊಪ್ಪು ಇಳಿಸುವ ಹೊತ್ತಿಗೆ ಅಬ್ಬಾನಿಗೆ ಜಾಸ್ತಿಯಾಗಿದೆ ಎಂದು ಸುದ್ದಿ ಬಂತು. ಊರಿಗೆ ಬಂದೆ. ಅಬ್ಬಾ ಉಳಿಯಲಿಲ್ಲ. ನಾನು ಮತ್ತೆ ಹೋಗಲಿಲ್ಲ. ಆ ದುಡ್ಡಿನಲ್ಲಿ ಅಂಗಡಿಗೆ ಯಂತ್ರ ಹಾಕಿಸಿ ಪಾತ್ರೆ, ಟ್ರಂಕು, ನೀರಿನ ತೊಟ್ಟಿ ಮಾಡುತ್ತ ಬದುಕು ಕಟ್ಟಿಕೊಂಡೆ. ಪೈಪಿನ ಗಿರಾಕಿಗಳೂ ಮೆಲ್ಲಗೆ ವಾಪಸ್ ಬಂದರು. ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಆಫ್ರಿಕಾದ ಕಥೆ ಹೇಳು ಅಂದರೆ ನಾನು ಹೇಳುತ್ತಿದ್ದುದು ಮಾಮಾ ಸಲ್ಮಾಳದೇ. ಹೇಗೆ ಬಾಯಿಗೆ ಬಂದದ್ದು ಹೇಳಿ ಒಬ್ಬ ಕೂಲಿಯವಳನ್ನು ಮಹಾರಾಣಿ ಮಾಡಿದೆ ಎಂದು. ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ಕಥೆಯ ಮೇಲೆ ಎಷ್ಟು ಟೀ ಕುಡಿದೆನೋ!

ವರ್ಷಗಳು ಕಳೆದವು, ನನ್ನ ಗಡ್ಡ ಬೆಳ್ಳಗಾಯಿತು. ಹೋದ ವರ್ಷ ಕರೀಂಭಾಯಿಯ ಮಗ ಅಲಿ ಫೋನ್ ಮಾಡಿದ. ತಂದೆ ತೀರಿಕೊಂಡಿದ್ದಾರೆ, ಕಡಿಮೆ ಸೌದೆಯಲ್ಲಿ ನಡೆಯುವ ಹೊಸ ಬ್ಯಾರನ್ ಕಟ್ಟಿಸುತ್ತಿದ್ದೇನೆ, ಪೈಪಿನ ಕೆಲಸ ನೀವೇ ಬಂದು ನಿಂತು ನೋಡಿಕೊಡಿ ಎಂದು. ಪಾಸ್‌ಪೋರ್ಟ್ ಹೊಸದಾಗಿ ಮಾಡಿಸಿಕೊಂಡು ಹೊರಟೆ. ಮಾಮಾ ಸಲ್ಮಾಳಿಗೆ ಅಂತ ಮೈಸೂರಿನಲ್ಲಿ ಹಳದಿ ಹೂವಿನ ಸೀರೆಯೊಂದನ್ನು ಕೊಂಡೆ.

ಟಬೋರಾದಿಂದ ತೋಟದವರೆಗೆ ಈಗ ಡಾಂಬರು ರಸ್ತೆ. ಕಾಡು ಹಿಂದೆ ಸರಿದಿತ್ತು. ನಮ್ಮ ಪೈಪುಗಳೇ ಅದನ್ನು ತಿಂದಿದ್ದು. ಜುಮಾನ ತಲೆಯೂ ಬೆಳ್ಳಗೆ. ತಬ್ಬಿಕೊಂಡು ಕಣ್ಣೊರೆಸಿಕೊಂಡೆವು. ಮಾವಿನ ಮರದ ಕೆಳಗೆ ಹೆಂಗಸರು ಸೊಪ್ಪು ಕಟ್ಟುತ್ತಿದ್ದರು. "ಎಲ್ಲಿ ನಮ್ಮ ಮಾಮಾ ಸಲ್ಮಾ?" ಎಂದು ಎಲ್ಲರಿಗೂ ಕೇಳುವಂತೆ ಕೂಗಿದೆ. ಅವರ ಕೈಗಳು ನಿಂತವು. ಒಬ್ಬಳು ತಲೆ ತಗ್ಗಿಸಿ ಏನೋ ಮಣಮಣಿಸಿದಳು.

ಜುಮಾ ನನ್ನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಹೇಳಿದ. ನಾನು ಹೋದ ಮುಂದಿನ ವರ್ಷವೂ ಅವಳೇ ಕಡ್ಡಿ ಗೀರಿದಳು. ಒಬ್ಬ ಸಣ್ಣ ಬೆಳೆಗಾರನ ಬ್ಯಾರನ್ ಸುಟ್ಟಿತು. ಆರಿಸಲು ಹೋದವನ ತೋಳು ಬೆಂದಿತು. ಇರಲಿ ಅಂದರು. ಅದೇ ಕಾಲದಲ್ಲಿ ಇನ್ನೊಂದು ಸುಟ್ಟಿತು. ಕೈ ತಿರುಗಿದೆ ಅಂದರು.

"ಆಮೇಲೆ?"

"ಆಮೇಲೇನು? ಒಳ್ಳೇದು ಕೈಲದೆ ಅಂದ್ರೆ ಕೆಟ್ಟದ್ದೂ ಕೈಲೇ ಇರಬೇಕಲ್ಲ. ಬಿತ್ತನೆ ಬೀಜ ಮುಟ್ಟಾಕ್ ಬುಡಲಿಲ್ಲ. ಕೂಸು ಕೊಡಲಿಲ್ಲ. ಅವಳ ಒಲೆಯಿಂದ ಕೆಂಡ ಈಸ್ಕಳಲಿಲ್ಲ. ಸೊಪ್ಪು ಕಟ್ಟೋ ಕೆಲಸನೂ ಓಯ್ತು. ಈಗ ರಸ್ತೆ ತಾವ ಗುಡಿಸಲು ಆಕ್ಕಂಡು ಇದ್ದಿಲು ಮಾರ್ತಾಳೆ. ಊರೋರು ಕೊಳ್ಳಾಕಿಲ್ಲ, ಲಾರಿಯೋರು ಕೊಳ್ತಾರೆ."

ಯಾರೂ ಅವಳನ್ನು ಬೈದಿರಲಿಲ್ಲವಂತೆ. ಬೇಡ ಅನ್ನುವಾಗ ಮುಖ ನೋಡುತ್ತಿರಲಿಲ್ಲವಂತೆ, ಅಷ್ಟೆ. ಈ ಭೂಮಿಯ ಮೇಲೆ ಆ ನೋವನ್ನು ಬಲ್ಲವನು ಯಾರಾದರೂ ಇದ್ದರೆ ಅದು ನಾನು. ಹಾರನಹಳ್ಳಿಯಲ್ಲಿ ನನಗೆ ಬಡಿದದ್ದನ್ನು ಮೂಟೆ ಕಟ್ಟಿ ವಿಮಾನದಲ್ಲಿ ತಂದು, ಒಲೆಯ ಹತ್ತಿರ ಒಬ್ಬಳೇ ಕೂತಿದ್ದವಳ ತಲೆಗೆ ಕಟ್ಟಿ ಹೋಗಿದ್ದೆ. ಅವಳು ರಸ್ತೆ ಬದಿಗೆ ಬಿದ್ದಾಗ ನಾನು ಟೀ ಅಂಗಡಿಯಲ್ಲಿ ಅವಳ ಕಥೆ ಹೇಳಿ ನಗಿಸುತ್ತಿದ್ದೆ.

ಸಂಜೆ ಅವಳ ಮನೆಗೆ ಹೋದೆ. ಬಾಗಿಲಲ್ಲಿ ನಿಂತಿದ್ದ ಹೆಂಗಸು ಸಲ್ಮಾ, ಆ ಕೂಸೇ. ಮಾಮಾ ಸಲ್ಮಾ ಒಳಗಿಂದ ಬಂದು, ನನ್ನನ್ನು ಒಂದು ಗಳಿಗೆ ನೋಡಿ, "ಬಾಷಾ! ಬಂದ್ಯಾ?" ಎಂದು ಮುಖ ತುಂಬ ನಕ್ಕಳು. ಸ್ಟೂಲು ಒರೆಸಿ ಕೂರಿಸಿದಳು. ಟೀ ಕೊಟ್ಟಳು. ಮಗಳ ಕಡೆ ತಿರುಗಿ, "ನಾ ಯೋಳ್ತಿರ್ನಿಲ್ವಾ? ನನ್ ಕೈ ನೋಡ್ದೋನು ಇವ್ನೇ ಕಣೇ," ಅಂದಳು. ಅವಳಿಗೆ ನನ್ನ ಮೇಲೆ ಕೋಪವೇ ಇರಲಿಲ್ಲ. ಸೀರೆ ಇದ್ದ ಚೀಲವನ್ನು ಹೇಗೆ ಕೊಡಬೇಕೋ ತಿಳಿಯದೆ ಗೋಡೆಗೆ ಒರಗಿಸಿಟ್ಟೆ.

ಹೊಸ ಬ್ಯಾರನ್ನಿನ ಮೊದಲ ಕಡ್ಡಿಯನ್ನು ಅವಳ ಕೈಯಲ್ಲೇ ಗೀರಿಸಿಬಿಡುವುದು ಅನ್ನುವುದು ನನ್ನ ಉಪಾಯವಾಗಿತ್ತು. ಪೈಪಿನ ಮೇಲೆ ತಂತಿಯ ಜಾಲರಿ ಹಾಸುತ್ತೇನೆ, ಎಲೆ ಬಿದ್ದರೂ ಸುಡುವುದಿಲ್ಲ. ಹೆಸರು ವಾಪಸ್ ಬರುತ್ತದೆ ಅಂದೆ. ಸಲ್ಮಾ ನನ್ನನ್ನು ನೆಟ್ಟಗೆ ನೋಡಿದಳು. "ಬ್ಯಾಡ. ಈ ಸಲಾನೂ ನೀನು ಓಯ್ತೀಯ. ಮುಂದಿನ್ ವರ್ಷ ಬೆಂಕಿ ಬಿದ್ರೆ ನಮ್ಮವ್ವ ಇಲ್ಲೇ ಇರ್ಬೇಕು. ಮಾಡೋದಾದ್ರೆ ಕೈಲಿ ಏನೂ ಇರಾಕಿಲ್ಲ ಅಂತ ಎಲ್ಲರ ಮುಂದೆ ಯೋಳು. ಜೀವ ಇರೋವಾಗ ನಾಕ್ ಜನದ ಮನೇಲಿ ಒಂದ್ ಲೋಟ ನೀರು ಕುಡೀಲಿ." ಅವಳು ಹೇಳಿದ್ದು ಸರಿಯಾಗಿತ್ತು.

ಬ್ಯಾರನ್ ಹೊತ್ತಿಸುವ ದಿನ ಬೆಳಿಗ್ಗೆ ತೋಟದವರು, ಸುತ್ತಲಿನ ಬೆಳೆಗಾರರು ಎಲ್ಲ ಸೇರಿದ್ದರು. ಸಲ್ಮಾ ತಾಯಿಯನ್ನು ಕರೆದುಕೊಂಡು ಬಂದು ದೂರದಲ್ಲಿ ನಿಲ್ಲಿಸಿದಳು. ನಾನು ನನ್ನ ಹರಕು ಸ್ವಾಹಿಲಿಯಲ್ಲಿ ಮಾತಾಡಿದೆ. ನನ್ನ ಊರಲ್ಲಿ ನನ್ನ ಕೈಯನ್ನೇ ಕೆಟ್ಟದ್ದು ಅಂದಿದ್ದರು, ಅದಕ್ಕೇ ಹೆದರಿ ಅವತ್ತು ಕಡ್ಡಿ ಗೀರದೆ ತಪ್ಪಿಸಿಕೊಂಡೆ ಅಂದೆ. ಕೆಲವರು ನಕ್ಕರು. ಇವಳ ಕೈಯನ್ನು ನಾನು ನೋಡಿಯೇ ಇರಲಿಲ್ಲ, ಹತ್ತಿರ ಕೂತಿದ್ದಳು ಅಂತ ಹೆಸರು ಹೇಳಿದೆ ಅಂದೆ. ನಗು ನಿಂತಿತು. ಬ್ಯಾರನ್ನಿನೊಳಗೆ ಕರೆದೊಯ್ದು ಜಾಲರಿ ತೋರಿಸಿ, ಸುಡುವುದು ಎಲೆಯಿಂದ, ಕೈಯಿಂದಲ್ಲ, ಯಾವ ಮನುಷ್ಯನ ಕೈಯಲ್ಲೂ ಏನೂ ಇರುವುದಿಲ್ಲ ಅಂದೆ. ಹಾಗೆನ್ನುವಾಗ ಅಬ್ಬಾ ನೆನಪಾದ. ಅಬ್ಬಾನ ಕೈಯನ್ನೂ ಆ ಮಾತಿನೊಳಗೆ ಹಾಕಿ ಸುಟ್ಟ ಹಾಗಾಯಿತು.

"ಅವತ್ತು ಕೈ ಅಂದೋನೂ ನೀನೇ, ಇವತ್ತು ಎಲೆ ಅನ್ನೋನೂ ನೀನೇ," ಅಂದ ಜುಮಾ. ಅವನ ದನಿಯಲ್ಲಿ ಸಿಟ್ಟಿತ್ತು. "ಮೊದ್ಲೇ ಯೋಳಿದ್ರೆ ನಾವು ಆವಮ್ಮಂಗೆ ಇಂಗೆ ಮಾಡ್ತಿದ್ವಾ?"

ತೋಳು ಬೆಂದು ಚರ್ಮ ಸುಕ್ಕುಗಟ್ಟಿದ್ದ ಮುದುಕನೊಬ್ಬ ಜಾಲರಿಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದ. ಮೊದಲು ಸುಟ್ಟದ್ದು ಅವನ ಬ್ಯಾರನ್ನೇ. ಅವನು ಹೊರಗೆ ಬಂದು ಎಲ್ಲರ ನಡುವೆ ನಡೆದು ಹೋಗಿ ಮಾಮಾ ಸಲ್ಮಾಳ ಎದುರು ನಿಂತ. ಆಮೇಲೆ ಅವಳ ಎರಡೂ ಕೈ ಹಿಡಿದುಕೊಂಡ. ಹೆಂಗಸರಲ್ಲಿ ಕೆಲವರು ಅಳತೊಡಗಿದರು. ಸಲ್ಮಾಳೂ ಅತ್ತಳು. ಕೆಲಸ ಆಯಿತು ಅಂದುಕೊಂಡೆ, ನಿಜ ಹೇಳುತ್ತೇನೆ, ಒಂದು ಗಳಿಗೆ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಮಾಮಾ ಸಲ್ಮಾ ಮಾತ್ರ ನನ್ನನ್ನೇ ನೋಡುತ್ತಿದ್ದಳು. ಕೈ ಬಿಡಿಸಿಕೊಂಡು ನನ್ನ ಹತ್ತಿರ ಬಂದಳು.

"ಸುಟ್ಟಿದ್ದು ನನ್ ಕೈಯಿಂದ ಅಲ್ಲ ಅಂದೆ. ಸರಿ. ಆ ವರ್ಷ ಬಣ್ಣ ಬಂತಲ್ಲ ಬಾಷಾ? ಅದು?"

ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು. ಅದಾದರೂ ನಿನ್ನದೇ ಮಾಮಾ ಅನ್ನಲು ನಾಲಿಗೆ ತುದಿಗೆ ಬಂತು. ಅಂದರೆ ಹೇಳಿದ್ದೆಲ್ಲ ಅಲ್ಲೇ ಬಿದ್ದುಹೋಗುತ್ತದೆ. ಸಲ್ಮಾ ಅಳು ನಿಲ್ಲಿಸಿ ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಅದೂ ಅಲ್ಲ," ಅಂದೆ.

ಅವಳು ತಲೆಯಾಡಿಸಿದಳು. ಜುಮಾ ಬೆಂಕಿಪೊಟ್ಟಣವನ್ನು ಪಕ್ಕದಲ್ಲಿ ನಿಂತಿದ್ದ ಹೆಂಗಸಿನ ಕಡೆ ಎಸೆದು, "ಯಾರಾದ್ರೇನು, ಗೀರಮ್ಮ," ಅಂದ. ಅವಳು ಯಾರೋ ನನಗೆ ಗೊತ್ತಿಲ್ಲ. ಗೀರಿದಳು. ಮೊದಲ ಕಡ್ಡಿ ಆರಿತು, ಎರಡನೆಯದೂ ಆರಿತು, ಯಾರೂ ಏನೂ ಅಂದುಕೊಳ್ಳಲಿಲ್ಲ. ಮೂರನೆಯದಕ್ಕೆ ಒಲೆ ಹತ್ತಿತು, ಜನ ತಂತಮ್ಮ ಕೆಲಸಕ್ಕೆ ಚದುರಿದರು. ಮಾಮಾ ಸಲ್ಮಾ ಆ ಹೆಂಗಸನ್ನೂ ಒಲೆಯನ್ನೂ ನೋಡುತ್ತ ನನ್ನ ಪಕ್ಕದಲ್ಲೇ ನಿಂತಿದ್ದಳು.

"ಬದುಕ್ನಾಗೆ ಅದೊಂದ್ ವರ್ಷ ಇತ್ತು ನಂಗೆ," ಅಂದಳು ಮೆಲ್ಲಗೆ. "ಕೆಟ್ಟದ್ದಷ್ಟನ್ನೇ ತಗೊಂಡೋಗಾಕ್ ಆಗಾಕಿಲ್ವಾ ಬಾಷಾ?"

"ಆಗಾಕಿಲ್ಲ ಮಾಮಾ," ಅಂದೆ. ಅವಳ ಮುಖ ನೋಡಿ ಹೇಳಲು ನನಗೂ ಆಗಲಿಲ್ಲ.